ರಿಪೇರಿ ಭಾನುವಾರ

ಅಕ್ಕಾ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಮೊದಲ ಸಾಲು ಬರೆದೆ. ಅದರ ಮುಂದೆ ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು ಎಂದು ಬರೆಯಬೇಕು, ಶಾಲೆಯಲ್ಲಿ ಕಲಿಸಿದ್ದು ಹಾಗೇ. ಅಲ್ಲಿಗೆ ಬಂದು ಪೆನ್ನು ನಿಂತಿತು. ಆಮೇಲೆ ನಗು ಬಂತು. ಇದ್ದಾಗ ತಾನೇ ನೀನು ಯಾರಿಗೆ ಪತ್ರ ಬರೆದೆ? ಏನಿದ್ದರೂ ಕೂಗಿ ಹೇಳುವವಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ಹೊಗೆ ಎಳೆಯುವ ದೊಡ್ಡ ಫ್ಯಾನುಗಳ ಕೆಳಗೆ ಅಷ್ಟು ವರ್ಷ ನಿಂತು, ಪಕ್ಕದಲ್ಲಿ ಕೂತವರಿಗೂ ಬೀದಿಯ ಆ ಬದಿಯವರಿಗೆ ಹೇಳಿದ ಹಾಗೆ ಹೇಳುವುದು ನಿನಗೆ ರೂಢಿಯಾಗಿಬಿಟ್ಟಿತ್ತು. "ಒಂದು ಗುಟ್ಟು ಹೇಳ್ತೀನಿ ಬಾರೇ" ಎಂದು ನೀನು ನನ್ನನ್ನು ಕರೆದರೆ ಮೂರು ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ನಾನು ದಿನವೂ ನಾಲ್ಕು ಸಾಲು ಬರೆದಿಡುವುದು ನಿನಗೆ ಗೊತ್ತು. ಇವತ್ತು ಏನು ಹೊಲಿದೆ, ಯಾರು ಬಂದರು, ಬಿಸಿಲೋ ಮೋಡವೋ, ಅಷ್ಟೇ. ನೀನು ಹೋದ ಮೇಲೆ ಅದೂ ಎರಡು ಸಾಲಾಗಿದೆ. ಆದರೆ ಮೊನ್ನೆ ಭಾನುವಾರದ ಸಂಗತಿ ನಾಲ್ಕು ಸಾಲಿಗೆ ಹಿಡಿಸುವುದಿಲ್ಲ. ಅದನ್ನು ನನಗೆ ನಾನೇ ಹೇಳಿಕೊಂಡು ಪ್ರಯೋಜನವೂ ಇಲ್ಲ. ನೀನು ನನಗೆ ವಹಿಸಿಹೋದ ಕೆಲಸದ ವಿಷಯ ಅದು. ಆದದ್ದು ಆದ ಹಾಗೆ ನಿನಗೆ ಒಪ್ಪಿಸಬೇಕು.

ನಿನಗೆ ನೆನಪಿರಬಹುದು. ಕೊನೆಕೊನೆಗೆ ನಿನ್ನ ದನಿ ಇಳಿದುಹೋಗಿತ್ತು. ಜೀವಮಾನದಲ್ಲಿ ಮೊದಲ ಸಲ ನಿನ್ನ ಮಾತು ಕೇಳಲು ನಾನು ಬಗ್ಗಬೇಕಾಯಿತು. ಭಾವ ಔಷಧಿ ತರಲು ಕೆಳಗೆ ಇಳಿದಿದ್ದರು. ನೀನು ನನ್ನ ಸೆರಗು ಹಿಡಿದು ಎಳೆದು ಹೇಳಿದೆ: "ಗುಮ್ಮಿ, ನಿಮ್ಮ ಭಾವನ್ನ ಕಳ್ಕೋಬೇಡ್ರೇ. ಅವರದೊಂದು ವಿಚಿತ್ರ. ಕರೀದೆ ಇದ್ರೆ ಬರಲ್ಲ, ಕರೆದ್ರೂ ಬರಲ್ಲ. ಅಲ್ಲೇನಾದ್ರೂ ಕೆಲಸ ಇದೆ ಅಂದ್ರೆ ಮಾತ್ರ ಬರ್ತಾರೆ." ನಾನು ಆಗಲಿ ಎಂದೆ. ಆಗಲಿ ಎನ್ನುವುದು ಸುಲಭ. ನಿಮಗೆ ಮಕ್ಕಳಿಲ್ಲ. ಭಾವನ ಕಡೆಯವರು ಯಾರೂ ಹತ್ತಿರದಲ್ಲಿಲ್ಲ. ಅವರನ್ನು ನಮಗೆ ಕಟ್ಟಿದ್ದ ಗಂಟು ನೀನೊಬ್ಬಳೇ. ಗಂಟೇ ಬಿಚ್ಚಿಹೋದ ಮೇಲೆ ದಾರದ ಎರಡು ತುದಿಯನ್ನು ಯಾವುದರಿಂದ ಹಿಡಿಯುವುದು?

ನಿನ್ನ ತಿಥಿಗಿತಿಯೆಲ್ಲ ಮುಗಿದ ಮೇಲೆ ಫೋನು ಮಾಡಿದಾಗಲೆಲ್ಲ ಅದೇ ಉತ್ತರ. "ಚೆನ್ನಾಗಿದೀನಮ್ಮ. ಊಟ ಆಯ್ತು. ಇಡ್ಲಾ?" ಎಷ್ಟೋ ಸಲ ನಾನಿನ್ನೂ ಊಟದ ಸುದ್ದಿ ಎತ್ತಿರುತ್ತಿರಲಿಲ್ಲ. ಮನೆಗೆ ಬನ್ನಿ ಎಂದರೆ ಅಂಗಡಿಯಲ್ಲಿ ಕನ್ನಡಕದ ಗಾಜು ತುಂಬ ಬಂದಿದೆ, ಉಜ್ಜಿ ಮುಗಿಸಬೇಕು ಎನ್ನುತ್ತಿದ್ದರು. ಊರಿನವರ ಕಣ್ಣೆಲ್ಲ ಒಟ್ಟಿಗೆ ಕೆಟ್ಟಿರಬೇಕು ಎಂದು ನಮ್ಮ ಮನೆಯವರು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಹಾಗಾಗಿ ನಾನು ರಿಪೇರಿ ಭಾನುವಾರವನ್ನೇ ಕಾದೆ. ಅದಕ್ಕಾದರೂ ಬರದೆ ಇರಲಾರರು ಎಂದು ನಂಬಿದ್ದೆ.

ರಿಪೇರಿ ಭಾನುವಾರದ ಕತೆ ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆದರೆ ಅಪ್ಪ ಅಮ್ಮ ಎದುರಿಗೆ ಬಂದು ಕೂತ ಹಾಗಾಗುತ್ತದೆ. ಊರಿನವರ ಗಡಿಯಾರ, ಇಸ್ತ್ರಿಪೆಟ್ಟಿಗೆ, ಬೀಗ, ರೇಡಿಯೊ ಎಲ್ಲ ಅಪ್ಪನ ಕೈಯಲ್ಲಿ ಸರಿಹೋಗುತ್ತಿದ್ದವು. ನಮ್ಮ ಮನೆಯಲ್ಲಿ ಮಾತ್ರ ನಲ್ಲಿ ಸೋರುತ್ತಿತ್ತು, ಕುರ್ಚಿ ಕುಂಟುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದನ್ನು ಅಮ್ಮ ದಿನಕ್ಕೆರಡು ಸಲವಾದರೂ ಅನ್ನುತ್ತಿದ್ದಳು. ಒಂದು ದಿನ ಅವಳೇ ಅಂಗಡಿಯ ಬಾಗಿಲು ಒಳಗಿನಿಂದ ಹಾಕಿ, ಮನೆಯಲ್ಲಿ ಕೆಟ್ಟಿದ್ದನ್ನೆಲ್ಲ ಮೇಜಿನ ಮೇಲೆ ಸುರಿದು, "ಇವತ್ತು ಗಿರಾಕಿ ನಾನು" ಎಂದು ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಲ್ಲಿಂದ ಶುರುವಾದದ್ದು ವರ್ಷಕ್ಕೊಂದು ಭಾನುವಾರವಾಯಿತು. ನಮ್ಮ ಮದುವೆಗಳಾದ ಮೇಲೆ ಅಪ್ಪ ಕಟ್ಟಳೆ ಮಾಡಿದರು. ಪ್ರತಿ ಮನೆಯಿಂದ ಕೆಟ್ಟ ವಸ್ತು ಒಂದಾದರೂ ಬರಬೇಕು. ತನ್ನದನ್ನು ತಾನು ಮುಟ್ಟುವ ಹಾಗಿಲ್ಲ, ಬೇರೆಯವರೇ ಸರಿಮಾಡಬೇಕು. "ತನ್ನ ವಸ್ತು ಮೇಲೆ ತನಗೆ ಸಿಟ್ಟಿರುತ್ತೆ ಕಣ್ರೋ. ಸಿಟ್ಟಿನ ಕೈಗೆ ಸ್ಕ್ರೂ ಸಿಗಲ್ಲ" ಎನ್ನುತ್ತಿದ್ದರು. ಅವತ್ತು ಮುಗಿಯದಿದ್ದರೆ ಮನೆಗೆ ಒಯ್ದು, ಮುಂದಿನ ವರ್ಷ ತಂದು ಕೊಡಬೇಕು. ಹೀಗೆ ನಮ್ಮ ಮನೆಯದು ನಿಮ್ಮಲ್ಲಿ, ನಿಮ್ಮದು ತಮ್ಮನಲ್ಲಿ, ತಮ್ಮನದು ನಮ್ಮಲ್ಲಿ ಎಂದು ಯಾವಾಗಲೂ ಒಂದಿಷ್ಟು ಸಾಮಾನು ಊರೂರು ತಿರುಗುತ್ತಲೇ ಇರುತ್ತಿತ್ತು.

ನಮ್ಮೆಲ್ಲರ ಪೈಕಿ ರಿಪೇರಿ ಬಾರದವಳು ನೀನು. ಅಪ್ಪನ ಹಿರಿ ಮಗಳಾಗಿ ಸ್ಕ್ರೂ ಯಾವ ಕಡೆ ತಿರುಗಿಸಿದರೆ ಬಿಗಿಯಾಗುತ್ತದೆ ಎನ್ನುವುದೂ ನಿನಗೆ ತಿಳಿಯಲಿಲ್ಲ. ನಿನ್ನದು ಒಂದೇ ಔಷಧಿ: ಆಸ್ಪತ್ರೆಯಲ್ಲಿ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ. ಮುರಿದದ್ದಕ್ಕೂ ಪಟ್ಟಿ, ಸೋರಿದ್ದಕ್ಕೂ ಪಟ್ಟಿ. "ಮನುಷ್ಯರೇ ಇದರಲ್ಲಿ ನಿಲ್ತಾರೆ, ನಿನ್ನ ಬಕೆಟ್ ನಿಲ್ಲಲ್ವಾ?" ಎಂದು ನಮ್ಮನ್ನೇ ದಬಾಯಿಸುತ್ತಿದ್ದೆ. ಅಪ್ಪ ತಲೆ ಚಚ್ಚಿಕೊಳ್ಳುತ್ತಿದ್ದರು.

ಈ ಸಲವೂ ತಮ್ಮನ ಬೇಕರಿಯಲ್ಲೇ ಸೇರಿದೆವು. ಅಪ್ಪನ ಅಂಗಡಿ ಬೇಕರಿಯಾದ ಮೇಲೂ ಆ ಉದ್ದನೆಯ ಮರದ ಮೇಜನ್ನು ಅವನು ತೆಗೆದಿಲ್ಲ. ಈಗ ಅದರ ಮೇಲೆ ಬ್ರೆಡ್ಡಿನ ಹಿಟ್ಟು ನಾದುತ್ತಾನೆ. ಅಂಚಿನಲ್ಲಿ ಅಪ್ಪನ ಬೆಸುಗೆ ಕಡ್ಡಿ ಸುಟ್ಟ ಕಪ್ಪು ಗುರುತುಗಳು ಹಾಗೇ ಇವೆ. ಒಲೆ ಆರಿಸಿ, ಶಟರ್ ಅರ್ಧ ಇಳಿಸಿ, ಮೇಜಿಗೆ ಹಳೆಯ ಬಟ್ಟೆ ಹಾಸಿದ್ದರು. ನಾನು, ನಮ್ಮ ಮನೆಯವರು ಬೇಗ ಹೋದೆವು. ತಮ್ಮನ ಹೆಂಡತಿ ನನ್ನನ್ನು ನೋಡಿ ಮೊದಲು ಕೇಳಿದ್ದೇ, "ಅತ್ತಿಗೆ, ಅಣ್ಣ ಬರ್ತಾರಾ?" ಅವಳು ಭಾವನನ್ನು ಅಣ್ಣ ಎಂದೇ ಕರೆಯುವುದು ನಿನಗೆ ಗೊತ್ತು. ಗೊತ್ತಿಲ್ಲ ಎಂದೆ. ಐದನೆಯ ಸ್ಟೂಲು ತಂದಿಟ್ಟಳು. ಆರನೆಯದು ತರಲು ಕೈ ಹಾಕಿ, ಸುಮ್ಮನೆ ಅದರ ಧೂಳು ಒರೆಸಿ ಅಲ್ಲೇ ಬಿಟ್ಟಳು. ನಾನು ನೋಡಲಿಲ್ಲ ಎನ್ನುವ ಹಾಗೆ ಬೀದಿ ಕಡೆ ನೋಡಿದೆ.

ಭಾವ ಬಂದರು. ಶಟರಿನ ಕೆಳಗೆ ಮೊದಲು ಅವರ ಬೂಟು ಕಾಣಿಸಿತು, ಪಾಲಿಶ್ ಮಾಡಿದ್ದು. ಬಗ್ಗಿ ಒಳಗೆ ಬಂದರು. ಬಡವಾಗಿದ್ದಾರೆ ಅಕ್ಕ. ಶರ್ಟಿನ ಕಾಲರು ಕುತ್ತಿಗೆಗೆ ದೊಡ್ಡದಾಗಿದೆ. ಹೆಗಲಿಗೆ ಅದೇ ಚೀಲ, ನಾನೇ ಹೊಲಿದುಕೊಟ್ಟದ್ದು.

ಕೂತವರೇ ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು. ತಮ್ಮನ ಒಲೆಯ ಗಂಟೆ, ಬ್ರೆಡ್ಡು ಬೆಂದಾಗ ಕೂಗಬೇಕಾದದ್ದು, ಹೋದ ಸಲ ಒಯ್ದಿದ್ದರು. ತಮ್ಮ ಕೀಲಿ ಕೊಟ್ಟ, ಟಿಣ್ ಎಂದಿತು. ತಮ್ಮನ ಹೆಂಡತಿಯ ಕೊಡೆ, ಬಟನ್ ಒತ್ತಿದರೆ ಪಟ್ಟನೆ ಬಿಚ್ಚಿಕೊಂಡಿತು. ಕೊನೆಗೆ ನನ್ನ ಹೊಲಿಗೆ ಡಬ್ಬಿ. ಅದು ನೀನು ಒಯ್ದದ್ದು. ಮುಚ್ಚಳದ ತಿರುಗಣಿ ಮುರಿದಿತ್ತು. ಈಗ ಆ ಜಾಗದಲ್ಲಿ ದಪ್ಪಗೆ ಬಿಳಿ ಪಟ್ಟಿ, ಸುಕ್ಕುಸುಕ್ಕಾಗಿ, ಒಂದರ ಮೇಲೊಂದು. "ಇದು ಅವಳೇ ಮಾಡಿದ್ದು. ಹಾಸಿಗೆ ಹಿಡಿಯೋ ಮುಂಚೆ. ಹಾಗೇ ತಂದೆ" ಎಂದರು ಭಾವ. ಡಬ್ಬಿ ಕೈಯಿಂದ ಕೈಗೆ ಮೇಜಿನ ಸುತ್ತ ಹೋಯಿತು. ಆಮೇಲೆ ತಮ್ಮ ಅಂದ, "ಅಪ್ಪ ಇದ್ದಿದ್ರೆ ಬೈತಿದ್ರು." "ಬೈಯ್ಯಲಿ ಬಿಡೋ, ಈಗ ಅಲ್ಲೇ ಬೈತಿರ್ತಾರೆ" ಎಂದರು ನಮ್ಮ ಮನೆಯವರು. ಎಲ್ಲರೂ ನಕ್ಕೆವು. ನಾನು ಡಬ್ಬಿ ತೆರೆದೆ, ಮುಚ್ಚಿದೆ. ಚೆನ್ನಾಗಿಯೇ ನಿಂತಿದೆ ಅಕ್ಕ. ನಿನ್ನ ಜೀವಮಾನದಲ್ಲಿ ನೀನು ಮಾಡಿದ ಒಳ್ಳೆಯ ರಿಪೇರಿ ಅದೇ ಇರಬೇಕು.

"ನೀವೇನ್ ತಂದ್ರಿ ಅಣ್ಣ?" ಎಂದು ಕೇಳಿದಳು ತಮ್ಮನ ಹೆಂಡತಿ.

"ನಮ್ಮನೇಲಿ ಏನೂ ಕೆಟ್ಟಿಲ್ಲಮ್ಮ."

"ಒಂದೂ ಇಲ್ವಾ?"

"ಒಬ್ಬನೇ ಇರೋದು. ಕೆಡಿಸೋರು ಯಾರು?"

ಅದನ್ನವರು ತಮಾಷೆಗೆಂದೇ ಹೇಳಿದರು. ಆದರೆ ನಾನು ಅಷ್ಟರಲ್ಲಿ ಲೆಕ್ಕ ಹಾಕಿಯಾಗಿತ್ತು. ನಮ್ಮ ಯಾರ ವಸ್ತುವೂ ಈಗ ಭಾವನ ಮನೆಯಲ್ಲಿಲ್ಲ. ಭಾವನ ವಸ್ತು ನಮ್ಮ ಯಾರ ಮನೆಯಲ್ಲೂ ಇಲ್ಲ. ಕೊಡುವುದೂ ಇಲ್ಲ, ತರುವುದೂ ಇಲ್ಲ. ಬಾಡಿಗೆ ಮನೆ ಖಾಲಿ ಮಾಡುವವರು ಗೋಡೆಯ ಮೊಳೆಗಳನ್ನೂ ಕಿತ್ತು, ತೂತಿಗೆ ಸುಣ್ಣ ಮೆತ್ತಿ, ಬೀಗದಕೈ ಒಪ್ಪಿಸುತ್ತಾರಲ್ಲ, ಹಾಗೆ ಬಂದಿದ್ದರು ಅವರು.

ಸರಿ, ಇವತ್ತಿನದರಲ್ಲಾದರೂ ಒಂದು ಉಳಿದೀತು, ಅದನ್ನು ಅವರ ಚೀಲಕ್ಕೆ ತುರುಕೋಣ ಎಂದುಕೊಂಡೆ. ತಮ್ಮನ ಹೆಂಡತಿಗೂ ಅದೇ ಯೋಚನೆ ಬಂದಿರಬೇಕು. ಅವಳು ಎಂಟು ವರ್ಷದಿಂದ ಮಾತಾಡದ ರೇಡಿಯೊ ಒಂದನ್ನು ಅಟ್ಟದಿಂದ ಇಳಿಸಿ ತಂದಳು. ಭಾವ ಹಿಂದಿನ ಮುಚ್ಚಳ ಬಿಚ್ಚಿದರು, ಇಣುಕಿದರು, ಚಿಮಟದಿಂದ ಒಂದು ತಂತಿ ಮುಟ್ಟಿದರು. ರೇಡಿಯೊ ಎದ್ದು ಕೂತು ಹವಾಮಾನ ವರದಿ ಓದಿತು. ನಾನು ನನ್ನ ಕತ್ತರಿ ಕೊಟ್ಟೆ, ಚರ್ಮ ಕತ್ತರಿಸುವ ದೊಡ್ಡದು. ಅದನ್ನೂ ಬಿಗಿಮಾಡಿ, ಸಾಣೆ ಹಿಡಿದು, ಕಾಗದದ ಮೇಲೆ ಓಡಿಸಿ ತೋರಿಸಿದರು. ಉಳಿದಿದ್ದು ನಮ್ಮ ಮನೆಯವರ ಕ್ಷೌರದಂಗಡಿಯ, ಕೂದಲು ಕತ್ತರಿಸುವ ಕೈಮಿಷನ್ನು. ಕರೆಂಟಿನದು ಬಂದು ಎಷ್ಟು ವರ್ಷವಾದರೂ ಅವರಿಗೆ ಹಳೆ ಗಿರಾಕಿಗಳ ಕುತ್ತಿಗೆಗೆ ಅದೇ ಬೇಕು. ಅದರ ಹಿಡಿ ಒತ್ತಿದರೆ ವಾಪಸು ಬರುತ್ತಿರಲಿಲ್ಲ.

ಭಾವ ಅದನ್ನು ಬಿಚ್ಚುತ್ತಿದ್ದಾಗ ತಮ್ಮ ಪಕ್ಕದಲ್ಲಿ ನಿಂತು ಬಗ್ಗಿ ಬಗ್ಗಿ ನೋಡುತ್ತಿದ್ದ. "ಹೀಗಲ್ಲ ಭಾವ, ಈ ಕಡೆಯಿಂದ ಒತ್ತಿ" ಎಂದು ಬೆರಳು ಹಾಕಿದ. ಸ್ಪ್ರಿಂಗು ಟಂಗ್ ಎಂದು ಹಾರಿತು. ಎಲ್ಲರ ಕಣ್ಣೂ ಅದರ ಹಿಂದೆ ಹೋಯಿತು. ಅದು ಹೋಗಿ ಬಿದ್ದದ್ದು ಮುಚ್ಚಳ ತೆರೆದಿದ್ದ ಮೈದಾ ಡ್ರಮ್ಮಿನೊಳಗೆ. ಪುಸ್ ಎಂದು ಒಂದಿಷ್ಟು ಹಿಟ್ಟು ಎದ್ದಿತು, ಅಷ್ಟೇ.

"ಅಯ್ಯೋ ನನ್ನ ಹಿಟ್ಟು!" ಎಂದ ತಮ್ಮ.

"ಅಯ್ಯೋ ನನ್ನ ಮಿಷನ್ನು!" ಎಂದರು ನಮ್ಮವರು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋ ಜಾತಿ ನಿಮ್ಮದು" ಎಂದು ತಮ್ಮನ ಹೆಂಡತಿ ಗಂಡನಿಗೆ ಹೇಳಿದಳು. "ನಾಳೆ ಬನ್ನಲ್ಲಿ ಯಾರಿಗೆ ಸಿಗುತ್ತೋ ಸ್ಪ್ರಿಂಗು, ಅವರ ಹಲ್ಲಿನ ಜವಾಬ್ದಾರಿ ನಿಮ್ಮದು."

ಬೇರೆ ದಾರಿಯಿರಲಿಲ್ಲ. ಡ್ರಮ್ಮಿನ ಹಿಟ್ಟನ್ನೆಲ್ಲ ಜರಡಿ ಹಿಡಿಯಬೇಕಾಯಿತು. ನಾವು ಐವರೂ ಒಂದೊಂದು ಜರಡಿ ಹಿಡಿದು ಮೇಜಿನ ಸುತ್ತ ನಿಂತೆವು. ನಿನಗೆ ಆ ನೋಟ ಇಷ್ಟವಾಗುತ್ತಿತ್ತು. ನಮ್ಮವರ ಮೀಸೆ ಬೆಳ್ಳಗಾಯಿತು. "ಏನ್ ಭಾಮೈದ, ಒಂದೇ ದಿನಕ್ಕೆ ಮುದುಕನ್ನ ಮಾಡಿಬಿಟ್ಯಲ್ಲ" ಎಂದು ತಮ್ಮನನ್ನು ಛೇಡಿಸಿದರು. ಭಾವನ ಕನ್ನಡಕದ ಮೇಲೆ ಹಿಟ್ಟು ಕೂತಿತ್ತು. ಕನ್ನಡಕದವರೇ ಕಣ್ಣು ಕಾಣದೆ ನಿಂತಿದ್ದರು. ಅಷ್ಟರಲ್ಲಿ ನಮ್ಮವರು ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದರು. ಬೆಳಿಗ್ಗೆ ಹಿತ್ತಲಲ್ಲಿ ಕೈ ತೊಳೆಯುವಾಗ ಭಾವ ಅವರ ಹತ್ತಿರ ಹೇಳಿದರಂತೆ: "ಇದು ಒಡಹುಟ್ಟಿದವರ ದಿನ. ನಾನು ಅವಳ ಜೊತೆ ಬರ್ತಿದ್ದೆ. ಈ ಸಲ ಎಲ್ಲರದ್ದೂ ಒಪ್ಪಿಸಿಬಿಡೋಣ ಅಂತ ಬಂದೆ. ನಾಲ್ಕರ ಬಸ್ಸಿಗೆ ಹೊರಡ್ತೀನಿ." ಷಡ್ಡಕನ ಹತ್ತಿರ ಹೇಳಬಹುದಾದದ್ದು ಹೆಂಡತಿಯ ತಂಗಿಯ ಹತ್ತಿರ ಹೇಳಲಾಗಲಿಲ್ಲ ನೋಡು ಅವರಿಗೆ. ನನಗೆ ಅನುಮಾನ ಇದ್ದೇ ಇತ್ತು. ಆದರೂ ಕಿವಿಗೆ ಬಿದ್ದಾಗ ಬೇರೆಯೇ.

ಆಗಲೇ ನನ್ನ ಜರಡಿಯಲ್ಲಿ ಕಿಣ್ ಎಂದಿತು. ಸ್ಪ್ರಿಂಗು. ಬೇರೆ ಯಾರಿಗೂ ಕೇಳಿಸಲಿಲ್ಲ, ರೇಡಿಯೊ ಹಾಡುತ್ತಿತ್ತು. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಸಿಗಲಿಲ್ಲ ಎಂದರೆ ಮಿಷನ್ನು ಅವರ ಚೀಲದಲ್ಲಿ ಹೋಗುತ್ತದೆ, ಹೊಸ ಸ್ಪ್ರಿಂಗು ಹುಡುಕುತ್ತಾರೆ, ಮುಂದಿನ ವರ್ಷ ತರಲೇಬೇಕಾಗುತ್ತದೆ. ಅಷ್ಟು ಸುಲಭ. ನಾನು ತಲೆ ಎತ್ತಿದೆ. ಭಾವ ಎದುರಿಗೆ, ಕಣ್ಣು ಕಾಣದ ಕನ್ನಡಕದಲ್ಲಿ, ಹಿಟ್ಟನ್ನು ಬೆರಳಿನಿಂದ ಒಂದೊಂದು ಸಾಲಾಗಿ ಗೀರಿ ಹುಡುಕುತ್ತಿದ್ದರು. ನಮ್ಮ ಮನೆಯವರ ಹಳೆಯ ಮಿಷನ್ನಿನ ಸ್ಪ್ರಿಂಗಿಗಾಗಿ ಅಷ್ಟು ಶ್ರದ್ಧೆ. ಅಂಥವರನ್ನು ಸುಳ್ಳಿನಿಂದ ಕಟ್ಟಿಹಾಕಿದರೆ ಅದು ಎಷ್ಟು ದಿನ ನಿಂತೀತು? "ಸಿಕ್ತು ಭಾವ" ಎಂದು ಕೈ ಬಿಚ್ಚಿದೆ. ಅವರ ಮುಖದಲ್ಲಿ ನಿಜವಾದ ಸಂತೋಷ ಕಂಡಿತು. ಹತ್ತು ನಿಮಿಷದಲ್ಲಿ ಮಿಷನ್ನು ಚಿಕ್ ಚಿಕ್ ಎನ್ನುತ್ತಿತ್ತು.

ಹೀಗೆ ಮೇಜು ಖಾಲಿಯಾಯಿತು. ಎಲ್ಲ ಸರಿಹೋಯಿತು. ಅಷ್ಟು ಚೆನ್ನಾಗಿ ಎಲ್ಲ ಸರಿಹೋದ ರಿಪೇರಿ ಭಾನುವಾರ ಇನ್ನೊಂದಿಲ್ಲ, ಅಷ್ಟು ದುಃಖದ್ದೂ.

ಹೊರಡುವ ಮುಂಚೆ ಚಹಾ ಕುಡಿಯೋಣ ಎಂದು ಕೂತೆವು. ಭಾವನಿಗೆ ಸಕ್ಕರೆ ಆಗದು, ತಮ್ಮ ಚಹಾ ತಾವೇ ಫ್ಲಾಸ್ಕಿನಲ್ಲಿ ತಂದಿದ್ದರು. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ಮುಖದ ಹಿಟ್ಟು ತೊಳೆಯಲು ಹಿತ್ತಲಿಗೆ ಹೋದರು. ಹಳೆಯ ಹಸಿರು ಫ್ಲಾಸ್ಕು, ನೀನು ಕೆಲಸಕ್ಕೆ ಒಯ್ಯುತ್ತಿದ್ದದ್ದು. ಹಿಡಿ ಎರಡು ತುಂಡಾಗಿದ್ದು, ಅದಕ್ಕೆ ಮೇಲಿಂದ ಕೆಳಗೆ ನಿನ್ನ ಬಿಳಿ ಪಟ್ಟಿ ಸುತ್ತಿತ್ತು. ಪಟ್ಟಿ ಈಗ ಬಿಳಿಯಾಗಿ ಉಳಿದಿಲ್ಲ, ಕೈಯ ಜಿಡ್ಡಿಗೆ ಕಂದಾಗಿದೆ.

ತಮ್ಮ ಅದನ್ನು ನೋಡಿದ. ಅವನ ಮುಖ ಅರಳಿತು. "ಏನೂ ಕೆಟ್ಟಿಲ್ಲ ಅಂದ್ರು! ಇದು ಮುರಿದೇ ಇದೆಯಲ್ಲ!" ಎಂದ. ಅವನಿಗೂ ಬೆಳಿಗ್ಗೆಯಿಂದ ಒಳಗೇ ಕೊರೆಯುತ್ತಿತ್ತು ಎಂದು ಆಗ ಗೊತ್ತಾಯಿತು. ಭಾವನಿಗಾಗಿ ಏನಾದರೂ ಮಾಡಬೇಕು, ಮಾಡಲು ಏನೂ ಸಿಗುತ್ತಿಲ್ಲ. ಕೇಳುವ ಪುರುಸೊತ್ತು ಅವನಿಗೆ ಎಂದಿತ್ತು? ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ಉಗುರಿನಿಂದ ಪಟ್ಟಿಯ ತುದಿ ಎಬ್ಬಿಸಿ, ಸರ್ರನೆ ಎಳೆದ. ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು.

"ಬಿಡೋ ಅದನ್ನ!"

ಭಾವ ಬಾಗಿಲಲ್ಲಿ ನಿಂತಿದ್ದರು, ಮುಖದಿಂದ ನೀರು ಇಳಿಯುತ್ತಿತ್ತು. ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿದ್ದಿಲ್ಲ. ನೀನೂ ಕೇಳಿರಲಾರೆ. ಒಂದು ಕ್ಷಣ ನೀನೇ ಅವರೊಳಗಿಂದ ಕೂಗಿದ ಹಾಗೆ ಕೇಳಿಸಿತು. ತಮ್ಮ ಎರಡೂ ಕೈ ಮೇಲಕ್ಕೆತ್ತಿದ. ಪಟ್ಟಿಯ ತುಂಡು ಅವನ ಬೆರಳಿಗೆ ಅಂಟಿಕೊಂಡು ನೇತಾಡುತ್ತಿತ್ತು. ತಮ್ಮನ ಹೆಂಡತಿ ರೇಡಿಯೊ ಆರಿಸಿದಳು.

ಭಾವ ಬಂದು ಫ್ಲಾಸ್ಕನ್ನು ಎತ್ತಿಕೊಂಡರು. ತಮ್ಮನ ಬೆರಳಿನಿಂದ ಪಟ್ಟಿಯನ್ನು ನಿಧಾನವಾಗಿ ಬಿಡಿಸಿ, ಹಿಡಿಗೆ ಮತ್ತೆ ಸುತ್ತಲು ನೋಡಿದರು. ಹಿಟ್ಟು ತಾಗಿ ಅಂಟು ಹೋಗಿತ್ತು. ಸುತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. ಎರಡು ಮೂರು ಸಲ ಸುತ್ತಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು.

"ಸುಳ್ಳು ಹೇಳಿದೆ" ಎಂದರು. "ಮನೆ ತುಂಬ ಕೆಟ್ಟಿದ್ದೇ ಇದೆ. ಕಿಟಕಿ ಚಿಲಕ, ಟಾರ್ಚು, ಅಡುಗೆಮನೆ ಸ್ಟೂಲು, ಯಾವುದು ನೋಡಿದ್ರೂ ಅವಳ ಪಟ್ಟಿ. ಎಲ್ಲಾ ನನ್ನ ಕೈಯಲ್ಲೇ ಸರಿಯಾಗೋವು. ಮುಂಚೆ ಅಂತಿದ್ದೆ, ಇದೆಲ್ಲ ಕಿತ್ತು ಸರಿಯಾಗಿ ಮಾಡ್ತೀನಿ ಕಣೇ ಅಂತ. ಈಗ ಕಿತ್ರೆ..." ಬಿಚ್ಚಿಕೊಂಡ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. "ಇಲ್ಲಿಗೆ ತಂದ್ರೆ ನೀವು ಬಿಡ್ತೀರಾ? ಸರಿ ಮಾಡೇ ಮಾಡ್ತೀರಿ. ಅದಕ್ಕೇ ಏನೂ ತರಲಿಲ್ಲ" ಎಂದರು.

ತಮ್ಮ ಅಳುತ್ತಿದ್ದ, ಚಿಕ್ಕವನಿದ್ದಾಗ ಅಳುತ್ತಿದ್ದ ಹಾಗೆಯೇ, ಮೂಗಿನಲ್ಲಿ. "ಭಾವ, ನಾನು ಕತ್ತೆ" ಎಂದ. ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಣ್ಣ, ಫ್ಲಾಸ್ಕು ಇರಲಿ. ನೀವು ಇವರನ್ನೇ ಕರ್ಕೊಂಡು ಹೋಗಿ ರಿಪೇರಿ ಮಾಡಿ, ಮುಂದಿನ ವರ್ಷ ತಂದುಕೊಡಿ" ಎಂದಳು.

ಭಾವ ತಮ್ಮನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಇದಕ್ಕೆ ಸ್ಪೇರ್ ಪಾರ್ಟ್ ಬರೋದು ನಿಂತುಹೋಗಿದೆಯಮ್ಮ" ಎಂದರು.

ನೀನು ಹೋದ ಮೇಲೆ ಅವರ ಬಾಯಿಂದ ಬಂದ ಮೊದಲ ಪೂರ್ತಿ ತಮಾಷೆ ಅದು. ನಾವು ಅಳುತ್ತಲೇ ನಕ್ಕೆವು. ನಮ್ಮ ಮನೆಯವರ ಮೀಸೆಯಿಂದ ಹಿಟ್ಟು ಉದುರಿತು.

ನಾನೇನಾದರೂ ಹೇಳಬೇಕಿತ್ತು. ಗುಮ್ಮನಗುಸುಕಿ ಎಂದು ನನಗೆ ಗುಮ್ಮಿ ಹೆಸರಿಟ್ಟವಳು ನೀನು, ಆ ಹೊತ್ತಿಗೆ ನನ್ನ ಬಾಯಲ್ಲಿ ಏನು ಬರುತ್ತದೆ? ನನ್ನ ಹೊಲಿಗೆ ಡಬ್ಬಿಯನ್ನು ಎತ್ತಿ ಫ್ಲಾಸ್ಕಿನ ಪಕ್ಕದಲ್ಲಿಟ್ಟೆ. ಎರಡಕ್ಕೂ ಒಂದೇ ಪಟ್ಟಿ. ಭಾವ ಎರಡನ್ನೂ ನೋಡಿದರು. ನಾನು ಹೇಳದೆ ಇದ್ದದ್ದು ಅವರಿಗೆ ತಿಳಿಯಿತು ಎಂದು ನನ್ನ ನಂಬಿಕೆ: ನಮ್ಮಲ್ಲೂ ಒಂದಿದೆ, ನಾವೂ ಅದನ್ನು ಕೀಳುವುದಿಲ್ಲ.

ಅವರು ಫ್ಲಾಸ್ಕನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗಿದ್ದ ಚಹಾವನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು ಮುಗಿಸಿದರು. ನಿಧಾನವಾಗಿ. ಮುಚ್ಚಳ ತಿರುಗಿಸಿ ಹಾಕಿದರು. ಆಮೇಲೆ ಅದನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

"ಪಟ್ಟಿ ತೆಗೀದೆ ಸರಿ ಮಾಡೋಕಾಗತ್ತೇನೋ ನೋಡು" ಎಂದರು.

"ನೋಡ್ತೀನಿ ಭಾವ. ಇವತ್ತಿಗೆ ಆಗಲ್ಲ."

"ಇವತ್ತಿಗೆ ಆಗಲ್ಲ ಅಂತ ನಂಗೂ ಗೊತ್ತು. ತಗೊಂಡು ಹೋಗು."

ಕಟ್ಟಳೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ತಮ್ಮ ಕಣ್ಣೊರೆಸಿಕೊಂಡವನು ಎದ್ದು ಹೋಗಿ, ಈಗ ತಾನೇ ಸರಿಹೋಗಿ ಬಂದಿದ್ದ ಒಲೆಯ ಗಂಟೆಯನ್ನು ತಂದು ಭಾವನ ಚೀಲದೊಳಗೆ ಹಾಕಿದ. "ಇದು ಸರಿ ಕೂಗ್ತಾ ಇದೆಯಲ್ಲೋ" ಎಂದರು ಭಾವ. "ಸ್ವಲ್ಪ ಜೋರಾಗಿ ಕೂಗುತ್ತೆ. ದನಿ ಇಳಿಸಿಕೊಂಡು ಬನ್ನಿ" ಎಂದ. ಭಾವ ಅದನ್ನು ತೆಗೆದು ವಾಪಸಿಡಲಿಲ್ಲ.

ಬಸ್ ನಿಲ್ದಾಣದವರೆಗೆ ನಾನೊಬ್ಬಳೇ ಜೊತೆಗೆ ಹೋದೆ. ದಾರಿಯಲ್ಲಿ ನಿನ್ನ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅಂಗಡಿಗೆ ಹೊಸದಾಗಿ ಬಂದ ಗಾಜು ಉಜ್ಜುವ ಯಂತ್ರದ ಬಗ್ಗೆ ಹೇಳಿದರು. ಅದು ಬೇಗ ಕೆಲಸ ಮುಗಿಸುತ್ತದಂತೆ, ಆದರೆ ಅಂಚು ಒರಟಾಗಿ ಬಿಡುತ್ತದಂತೆ. ಚೀಲದೊಳಗೆ ಗಂಟೆ ನಡುನಡುವೆ ಟಿಣ್ ಎನ್ನುತ್ತಿತ್ತು, ದಾರಿಹೋಕರು ತಿರುಗಿ ನೋಡುತ್ತಿದ್ದರು. ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂತರು. ಬಸ್ಸು ಹೊರಡುವಾಗ ಕಿಟಕಿಯಿಂದ ಮುಖ ಹೊರಗೆ ಹಾಕಿ, "ಗುಮ್ಮಿ, ಅವಸರ ಮಾಡ್ಬೇಡ" ಎಂದರು.

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಆ ಹೆಸರಿನಿಂದ ಕರೆದದ್ದಿಲ್ಲ. ಅದು ನಿನ್ನದೊಬ್ಬಳದೇ ಆಗಿತ್ತು. ನೀನು ಹೋದ ದಿನದಿಂದ ಆ ಹೆಸರೂ ಹೋಯಿತು, ಇನ್ನು ಅದನ್ನು ಕೂಗುವವರಿಲ್ಲ ಎಂದುಕೊಂಡಿದ್ದೆ. ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತೇ ಇದ್ದೆ.

ಫ್ಲಾಸ್ಕು ಈಗ ನನ್ನ ಹೊಲಿಗೆ ಮೇಜಿನ ಮೇಲೆ, ಡಬ್ಬಿಯ ಪಕ್ಕದಲ್ಲಿದೆ. ನಾನು ಚೀಲ ಹೊಲಿಯುವವಳು. ಮೆತ್ತನೆಯ ಚರ್ಮದ ಒಂದು ತುಂಡನ್ನು ಹಿಡಿಯ ಸುತ್ತ, ಪಟ್ಟಿಯ ಮೇಲೆಯೇ ಬಿಗಿಯಾಗಿ ಸುತ್ತಿ, ಒಳಬದಿಯಲ್ಲಿ ಹೊಲಿಗೆ ಹಾಕಿದರೆ ಮುಗಿಯಿತು. ನಿನ್ನ ಪಟ್ಟಿ ಒಳಗೆ ಹಾಗೇ ಉಳಿಯುತ್ತದೆ, ಹಿಡಿ ಗಟ್ಟಿಯಾಗುತ್ತದೆ. ಅರ್ಧ ಗಂಟೆಯ ಕೆಲಸ. ಚರ್ಮವನ್ನು ಅಳತೆಗೆ ಕತ್ತರಿಸಿಯೂ ಆಗಿದೆ, ಭಾವ ಸಾಣೆ ಹಿಡಿದ ಕತ್ತರಿಯಲ್ಲೇ. ಆದರೆ ಹೊಲಿದಿಲ್ಲ. ಮುಂದಿನ ವರ್ಷ ಫ್ಲಾಸ್ಕನ್ನು ಒಯ್ದು ತೋರಿಸುತ್ತೇನೆ, ಚರ್ಮ ಇನ್ನೂ ಹದಕ್ಕೆ ಬಂದಿಲ್ಲ ಭಾವ ಎನ್ನುತ್ತೇನೆ. ಅದು ಸುಳ್ಳು ಎಂದು ಅವರಿಗೆ ಗೊತ್ತಿರುತ್ತದೆ, ಗಂಟೆಯ ದನಿ ಇನ್ನೂ ಇಳಿದಿಲ್ಲ ಎಂದು ಅವರೂ ಒಂದು ಹೇಳುತ್ತಾರೆ. ಇಬ್ಬರಿಗೂ ಗೊತ್ತಿದ್ದು ಹೇಳುವ ಸುಳ್ಳು ಕಟ್ಟಿಹಾಕುವುದಿಲ್ಲ, ಅದು ಬೇರೆ ಜಾತಿಯದು. ನಿನ್ನ ಪಟ್ಟಿಯ ಜಾತಿಯದು.

ನೀನು ವಹಿಸಿದ ಕೆಲಸ ಆಯಿತು ಎಂದು ಹೇಳುತ್ತಿಲ್ಲ ಅಕ್ಕ. ನಡೆಯುತ್ತಿದೆ ಎನ್ನುತ್ತಿದ್ದೇನೆ. ನಮ್ಮ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ನೀನಿರುವ ಕಡೆ ಯಾವುದೂ ಮುರಿಯದಿರಲಿ. ಮುರಿದರೂ ನಿನ್ನ ಕೈಗೆ ಒಂದು ಸುರುಳಿ ಬಿಳಿ ಪಟ್ಟಿ ಸಿಗಲಿ, ಪಕ್ಕದಲ್ಲಿ ಕೂತು ಬೈಯಲು ಅಪ್ಪ ಇರಲಿ.

ಅವಸರವಿಲ್ಲದ,
ನಿನ್ನ ಗುಮ್ಮಿ